ಮಂಗಳೂರಿನ ಐಸ್‌ಕ್ರೀಮನ್ನು ಕೆಡದಂತೆ ಬೆಂಗಳೂರಿಗೆ ತರಿಸಿಕೊಳ್ಳುವುದು ಹೇಗೆ?

ಬನಶಂಕರಿಯ ಗೃಹಿಣಿ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ನನ್ನ ತವರು ಮಂಗಳೂರು. ಮದುವೆಯಾಗಿ ಬೆಂಗಳೂರಿಗೆ ಬಂದು ನೆಲೆಸಿದ ಮೇಲೂ ಬೇಸಿಗೆ ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ತವರಿಗೆ ಹೋಗುವುದು, ಹೋದ ದಿನ ಸಂಜೆಯೇ ಮನೆಮಂದಿಯೆಲ್ಲ ಸೇರಿ ಹಂಪನಕಟ್ಟೆಯ ಐಡಿಯಲ್‌ಗೋ ಲಾಲ್‌ಬಾಗಿನ ಪಬ್ಬಾಸ್‌ಗೋ ಹೋಗಿ ಐಸ್‌ಕ್ರೀಮ್ ತಿನ್ನುವುದು ನಮ್ಮಲ್ಲಿ ತಪ್ಪದೆ ನಡೆದುಬಂದಿರುವ ಪದ್ಧತಿ. (ಮಂಗಳೂರಿನಲ್ಲಿಯೂ ಒಂದು ಲಾಲ್‌ಬಾಗ್ ಇದೆ ಎಂಬುದನ್ನು ಇಲ್ಲಿಯವರಿಗಾಗಿ ಹೇಳಿಬಿಡುತ್ತೇನೆ.) ಎಸ್. ಪ್ರಭಾಕರ ಕಾಮತರು 1975ರ ಮೇ 1ರಂದು ಐಡಿಯಲ್ ಐಸ್‌ಕ್ರೀಮನ್ನು ಆರಂಭಿಸಿದಾಗ ನನ್ನ ಅಮ್ಮ ಇನ್ನೂ ಶಾಲೆಗೆ ಹೋಗುತ್ತಿದ್ದರು. ಅಮ್ಮ ತಿಂದರು, ನಾನು ತಿಂದು ಬೆಳೆದೆ, ಈಗ ಏಪ್ರಿಲ್ ಬಂತೆಂದರೆ ನನ್ನ ಮಕ್ಕಳು ಅದರದೇ ಜಪ ಮಾಡುತ್ತಾರೆ.

ತುಮಕೂರು ಕಡೆಯವರಾದ ನಮ್ಮ ಯಜಮಾನರಿಗೆ ಮೊದಮೊದಲು ಇದೆಲ್ಲ ಅತಿಯೆನಿಸುತ್ತಿತ್ತು. ನಮ್ಮ ಅತ್ತೆಯವರಂತೂ, ಐಸ್‌ಕ್ರೀಮಿಗಾಗಿ ಯಾರಾದರೂ ಘಟ್ಟ ಇಳಿಯುತ್ತಾರೆಯೇ ಎಂದು ಕೇಳುತ್ತಿದ್ದರು. ಈಗ ಯುಗಾದಿ ಮುಗಿದ ಮರುದಿನವೇ ಟಿಕೆಟ್ ಕಾದಿರಿಸಿದಿರಾ ಎಂದು ವಿಚಾರಿಸುವವರು ಅವರೇ. ಗಡ್‌ಬಡ್ ಬಂದಾಗ ನಮ್ಮವರು ತಿನ್ನುವ ರೀತಿಯೂ ಒಬ್ಬೊಬ್ಬರದು ಒಂದೊಂದು. ಉದ್ದನೆಯ ಗಾಜಿನ ಲೋಟದಲ್ಲಿ ಬಣ್ಣಬಣ್ಣದ ಐಸ್‌ಕ್ರೀಮ್, ಹಣ್ಣಿನ ಹೋಳು, ಜೆಲ್ಲಿ, ಗೋಡಂಬಿ, ಒಣದ್ರಾಕ್ಷಿಗಳು ಪದರ ಪದರವಾಗಿ ಇರುತ್ತವೆಯಷ್ಟೆ? ಮಗಳು ಉದ್ದ ಚಮಚವನ್ನು ಗಾಜಿನ ಅಂಚಿಗೆ ಒತ್ತಿಕೊಂಡೇ ಕೆಳಗಿಳಿಸಿ, ಮೇಲಿನ ಪದರ ಕುಸಿಯದಂತೆ ತಳದ ಜೆಲ್ಲಿಯನ್ನು ಮೊದಲು ಎತ್ತುತ್ತಾಳೆ. ಮಗ ಎಲ್ಲವನ್ನೂ ಕಲಸಿಬಿಡುತ್ತಾನೆ. ಅತ್ತೆಯವರು ಮೇಲಿನ ಗೋಡಂಬಿಯನ್ನಷ್ಟೇ ತಿಂದು, ಉಳಿದುದು ಮೆತ್ತಗಾಗಿ ಸ್ಟ್ರಾಬೆರಿಯ ಗುಲಾಬಿ ಬಣ್ಣ ವೆನಿಲಾದೊಳಗೆ ಇಳಿಯುವವರೆಗೆ ಲೋಟವನ್ನು ಎದುರಿಗಿಟ್ಟುಕೊಂಡು ಕಾಯುತ್ತಾರೆ.

ಈ ವರ್ಷ ಹೋಗಲು ಸಾಧ್ಯವಿಲ್ಲ. ಅತ್ತೆಯವರಿಗೆ ಮೊಣಕಾಲಿನ ಶಸ್ತ್ರಚಿಕಿತ್ಸೆಯಾಗಿದ್ದು, ದೂರ ಪ್ರಯಾಣ ಬೇಡವೆಂದು ವೈದ್ಯರು ಹೇಳಿದ್ದಾರೆ. ಮಗಳು ಎಸ್‌ಎಸ್‌ಎಲ್‌ಸಿ ಮುಗಿಸಿದ್ದು, ಅವಳ ಪಿಯುಸಿ ತರಗತಿಗಳು ಬೇಗನೆ ಆರಂಭವಾಗಲಿವೆ. ಹೀಗಿರುವಾಗ ನನ್ನ ತಮ್ಮನು ಫ್ಯಾಮಿಲಿ ಪ್ಯಾಕುಗಳನ್ನು ಥರ್ಮಾಕೋಲ್ ಡಬ್ಬದಲ್ಲಿಟ್ಟು ರಾತ್ರಿ ಬಸ್ಸಿನಲ್ಲಿ ಕಳುಹಿಸುತ್ತೇನೆ ಎನ್ನುತ್ತಿದ್ದಾನೆ. ಹೀಗೆ ತರಿಸಿಕೊಂಡು ಅನುಭವವಿದ್ದವರು ದಯವಿಟ್ಟು ತಿಳಿಸಬೇಕು. ಅದು ಆಗದ ಮಾತಾದರೆ ಬೆಂಗಳೂರಿನಲ್ಲೇ ಅದಕ್ಕೆ ಹತ್ತಿರವಾದದ್ದು ಏನು ದೊರೆಯುತ್ತದೆ, ಮನೆಯಲ್ಲಿ ಗಡ್‌ಬಡ್ ಮಾಡುವುದಾದರೆ ಯಾವುದರಿಂದ ಮಾಡಬೇಕು ಎಂಬುದನ್ನೂ ಹೇಳಿದರೆ ಉಪಕಾರವಾಗುತ್ತದೆ.

ವಿಜಯನಗರದ ಓದುಗ

ನಮ್ಮ ಭಾವನವರು ಕಳೆದ ಬೇಸಿಗೆಯಲ್ಲಿ ಕರಾವಳಿಯಿಂದ ಹೀಗೆಯೇ ಬಸ್ಸಿನಲ್ಲಿ ಕಳುಹಿಸಿದ್ದರು. ಡಬ್ಬವನ್ನು ನಿದ್ರಿಸುವವರ ಆಸನಗಳ ಕೆಳಗಿನ ಸಾಮಾನು ಗೂಡಿನಲ್ಲಿಟ್ಟಿದ್ದರಂತೆ. ಬೆಳಿಗ್ಗೆ ನಾನು ಹೋಗಿ ಪಡೆದುಕೊಳ್ಳುವಾಗ ರಟ್ಟು ಒದ್ದೆಯಾಗಿ, ಅಂಟು ಪಟ್ಟಿ ಬಿಟ್ಟುಕೊಂಡಿತ್ತು. ಟಬ್ಬಿನೊಳಗಿನದು ಪೂರ್ತಿ ನೀರಾಗಿರಲಿಲ್ಲವಾದ್ದರಿಂದ ಮನೆಯ ಫ್ರೀಜರಿನಲ್ಲಿಟ್ಟು ಸಂಜೆ ತೆಗೆದೆವು. ಮಾವಿನ ಪರಿಮಳವೇನೋ ಇತ್ತು, ಆದರೆ ಪ್ರತಿ ತುತ್ತಿನಲ್ಲೂ ಐಸಿನ ಹರಳು ರವೆಯಂತೆ ನಾಲಗೆಗೆ ತಾಗುತ್ತಿತ್ತು, ಮಕ್ಕಳು ಅರ್ಧಕ್ಕೇ ಬಿಟ್ಟರು. ಡಬ್ಬ ಎಷ್ಟೇ ದಪ್ಪವಿರಲಿ, ಹಾಗೆ ತರಿಸುವುದು ಬೇಡವೆಂಬುದು ನನ್ನ ಅಭಿಪ್ರಾಯ.

ಹೆಬ್ಬಾಳದ ಹೈನು ತಂತ್ರಜ್ಞೆ

ಹೈನು ಪದಾರ್ಥಗಳ ತಯಾರಿಕೆಯಲ್ಲಿ ಕೆಲಸ ಮಾಡಿರುವ ನಾನು ಇದಕ್ಕೆ ಸ್ವಲ್ಪ ವಿವರವಾಗಿಯೇ ಉತ್ತರಿಸಲು ಬಯಸುತ್ತೇನೆ, ಏಕೆಂದರೆ ವಿಜಯನಗರದವರು ಹೇಳಿದ ರವೆಯಂಥ ಅನುಭವಕ್ಕೆ ಖಚಿತವಾದ ಕಾರಣವಿದೆ.

ಐಸ್‌ಕ್ರೀಮಿನ ಮಿಶ್ರಣವು ಯಂತ್ರದೊಳಗೆ ಕಡೆಯಲ್ಪಡುತ್ತ, ಗಾಳಿಯನ್ನು ಸೇರಿಸಿಕೊಳ್ಳುತ್ತ, ಸುಮಾರು ಮೈನಸ್ 5 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹೊರಬರುತ್ತದೆ. ಆ ಹೊತ್ತಿಗೆ ಅದರಲ್ಲಿರುವ ನೀರಿನ ಅರ್ಧದಷ್ಟು ಮಾತ್ರ ಹೆಪ್ಪುಗಟ್ಟಿರುತ್ತದೆ. ಅನಂತರ ಅದನ್ನು ಅತಿ ಶೀತದ ಕೋಣೆಯಲ್ಲಿಟ್ಟು ವೇಗವಾಗಿ ಗಟ್ಟಿಗೊಳಿಸುತ್ತಾರೆ. ವೇಗವಾಗಿ ಗಟ್ಟಿಯಾದಷ್ಟೂ ಐಸಿನ ಹರಳುಗಳು ಸಣ್ಣವಾಗಿರುತ್ತವೆ. ಹರಳು ಒಂದು ಮಿಲಿಮೀಟರಿನ ಇಪ್ಪತ್ತರಲ್ಲೊಂದು ಪಾಲಿಗಿಂತ ಸಣ್ಣದಿದ್ದರೆ ಸಾಮಾನ್ಯವಾಗಿ ನಾಲಗೆಗೆ ಗೊತ್ತಾಗುವುದಿಲ್ಲ, ಅದನ್ನೇ ನಾವು ನುಣುಪು ಎನ್ನುತ್ತೇವೆ. ಪ್ರಯಾಣದಲ್ಲಿ ಬಿಸಿ ತಾಗಿದಾಗ ಮೊದಲು ಕರಗುವುದು ಈ ಸಣ್ಣ ಹರಳುಗಳು. ಮನೆಯ ಫ್ರೀಜರಿನಲ್ಲಿ ಮತ್ತೆ ತಣಿಸಿದಾಗ ಕರಗಿದ ನೀರು ಹೊಸ ಸಣ್ಣ ಹರಳುಗಳಾಗದೆ, ಕರಗದೆ ಉಳಿದಿದ್ದ ದೊಡ್ಡ ಹರಳುಗಳಿಗೇ ಹೋಗಿ ಅಂಟಿಕೊಳ್ಳುತ್ತದೆ. ಹಾಗಾಗಿ ಟಬ್ಬು ನೋಡಲು ಗಟ್ಟಿಯಾಗಿಯೇ ಕಂಡರೂ ಕಾರ್ಖಾನೆಯಿಂದ ಹೊರಬಂದ ಐಸ್‌ಕ್ರೀಮು ಅದರಲ್ಲಿ ಉಳಿದಿರುವುದಿಲ್ಲ. ಗೌರ್ ಗಮ್ (ಪೊಟ್ಟಣದ ಮೇಲೆ 412 ಎಂದಿರುತ್ತದೆ), ಕ್ಯಾರಗೀನನ್ (407) ಮೊದಲಾದವನ್ನು ಸೇರಿಸುವುದೇ ಈ ಬದಲಾವಣೆಯನ್ನು ನಿಧಾನಗೊಳಿಸುವುದಕ್ಕಾಗಿ. ಅವು ನಿಧಾನಗೊಳಿಸಬಲ್ಲವೇ ಹೊರತು ಒಂದಿಡೀ ರಾತ್ರಿಯ ಬಸ್ ಪ್ರಯಾಣವನ್ನು ತಡೆದುಕೊಳ್ಳಲಾರವು.

ಎರಡನೆಯ ವಿಷಯವನ್ನು ಹೆಚ್ಚಿನವರು ಗಮನಿಸುವುದಿಲ್ಲ. ಮಂಗಳೂರು ಸಮುದ್ರ ಮಟ್ಟದಲ್ಲಿದೆ, ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದೆ. ಶಿರಾಡಿ ಘಾಟಿ ಹತ್ತಿ ಇಲ್ಲಿಗೆ ಬರುವಷ್ಟರಲ್ಲಿ ಗಾಳಿಯ ಒತ್ತಡ ಹತ್ತರಲ್ಲೊಂದು ಪಾಲಿನಷ್ಟು ಕಡಿಮೆಯಾಗುತ್ತದೆ. ಐಸ್‌ಕ್ರೀಮಿನೊಳಗಿರುವ ಗಾಳಿಯ ಗುಳ್ಳೆಗಳು ಆಗ ಹಿಗ್ಗುತ್ತವೆ. ಐಸ್‌ಕ್ರೀಮು ಮೆತ್ತಗಾಗಿದ್ದರೆ ಗುಳ್ಳೆಗಳು ಒಂದಕ್ಕೊಂದು ಸೇರಿ ಗಾಳಿ ಹೊರಟುಹೋಗುತ್ತದೆ, ಆಮೇಲೆ ತಣಿದಾಗ ಅದು ಕುಗ್ಗಿ ಟಬ್ಬಿನ ಅಂಚಿನಿಂದ ದೂರ ಸರಿದು ನಿಲ್ಲುತ್ತದೆ. ಎತ್ತರದ ಪ್ರದೇಶಗಳಿಗೆ ಸಾಗಿಸುವಾಗ ತಯಾರಕರು ಎದುರಿಸುವ ಹಳೆಯ ತೊಂದರೆಯಿದು. ಒಂದೇ ಸಮನೆ ಮೈನಸ್ 18 ಡಿಗ್ರಿ ಅಥವಾ ಅದಕ್ಕಿಂತ ಕೆಳಗಿನ ಶೀತವನ್ನು ಕಾಯ್ದುಕೊಳ್ಳುವ ವಾಹನಗಳಲ್ಲಿ ಸಾಗಿಸಿದರೆ ತೊಂದರೆ ಬಹಳಮಟ್ಟಿಗೆ ತಪ್ಪುತ್ತದೆ. ಮನೆಯವರು ಕಟ್ಟಿ ಕಳುಹಿಸುವ ಡಬ್ಬಕ್ಕೆ ಆ ಅನುಕೂಲವಿಲ್ಲ.

ಡ್ರೈ ಐಸ್ ಬಳಸಿದರೆ ಹೇಗೆ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಅದು ಮೈನಸ್ 78 ಡಿಗ್ರಿಯ ಘನ ಇಂಗಾಲದ ಡೈಆಕ್ಸೈಡ್. ಶೀತವನ್ನು ಕಾಯುವುದರಲ್ಲಿ ಅದಕ್ಕೆ ಸಮನಾದುದಿಲ್ಲ, ಆದರೆ ಬರಿಗೈಯಿಂದ ಮುಟ್ಟಿದರೆ ಚರ್ಮ ಸುಡುತ್ತದೆ, ಗಾಳಿಯಾಡದಂತೆ ಮುಚ್ಚಿದ ಡಬ್ಬದಲ್ಲಿಟ್ಟರೆ ಒತ್ತಡ ಹೆಚ್ಚಿ ಡಬ್ಬ ಸಿಡಿಯಬಹುದು, ಕಿಟಕಿ ಮುಚ್ಚಿದ ಕಾರಿನಲ್ಲಿ ಉಸಿರಾಟಕ್ಕೂ ಅಪಾಯ. ಜನ ಕುಳಿತ ಬಸ್ಸಿಗೆ ಹೇಳದೆ ಕೇಳದೆ ಅದನ್ನು ಏರಿಸುವುದನ್ನು ನಾನು ಖಂಡಿತ ಒಪ್ಪುವುದಿಲ್ಲ.

ಕೊನೆಯದಾಗಿ, ನಿಮ್ಮ ಅತ್ತೆಯವರು ಶಸ್ತ್ರಚಿಕಿತ್ಸೆಯಿಂದ ಚೇತರಿಸಿಕೊಳ್ಳುತ್ತಿದ್ದಾರೆ ಎಂದಿರಿ. ಗಂಟೆಗಟ್ಟಲೆ ಕರಗಿ ನಿಂತಿದ್ದ ಹಾಲಿನ ಪದಾರ್ಥದಲ್ಲಿ ಬ್ಯಾಕ್ಟೀರಿಯಾ ಬೆಳೆದಿರುವ ಸಂಭವವಿದೆ, ಮತ್ತೆ ಹೆಪ್ಪುಗಟ್ಟಿಸಿದ ಮಾತ್ರಕ್ಕೆ ಅವು ಸಾಯುವುದಿಲ್ಲ. ರುಚಿಯ ಮಾತು ಹಾಗಿರಲಿ, ಈ ಒಂದೇ ಕಾರಣಕ್ಕೂ ನಿಮ್ಮ ತಮ್ಮನವರಿಗೆ ಕಳುಹಿಸಬೇಡವೆಂದು ಹೇಳಿಬಿಡಿ.

ಮಲ್ಲೇಶ್ವರದ ಹಿರಿಯ ನಾಗರಿಕ

ತಾಯಿ, ನಿಮ್ಮ ಕುಟುಂಬದ ಉತ್ಸಾಹವನ್ನು ಓದಿ ಸಂತೋಷವಾಯಿತು. ಆದರೆ ಬೆಂಗಳೂರಿನಲ್ಲಿ ಐಸ್‌ಕ್ರೀಮಿಗೆ ಬರವೇ ಎಂಬ ಒಂದು ಸಣ್ಣ ಆಕ್ಷೇಪವನ್ನು ಮುಂದಿಡಬಯಸುತ್ತೇನೆ. ಮಹಾತ್ಮ ಗಾಂಧಿ ರಸ್ತೆಯ ಲೇಕ್‌ವ್ಯೂ ಮಿಲ್ಕ್ ಬಾರ್ 1930ರಷ್ಟು ಹಿಂದಿನದು. ನಮ್ಮ ತಂದೆಯವರು ಸಂಬಳ ಬಂದ ವಾರದಲ್ಲಿ ನಮ್ಮನ್ನು ಅಲ್ಲಿಗೆ ಕರೆದೊಯ್ಯುತ್ತಿದ್ದರು. 1982ರಲ್ಲಿ ನಾರಾಯಣ ರಾಯರು ಆರಂಭಿಸಿದ ಕಾರ್ನರ್ ಹೌಸ್‌ನಲ್ಲಿ ನನ್ನ ಮಕ್ಕಳು ಪರೀಕ್ಷೆ ಮುಗಿದ ಸಂಜೆಗಳನ್ನು ಕಳೆದರು, ಈಗ ಮೊಮ್ಮಕ್ಕಳು ಅಲ್ಲಿ ಡೆತ್ ಬೈ ಚಾಕೊಲೇಟ್ ಎಂಬ ಆ ದೊಡ್ಡ ಬಟ್ಟಲನ್ನು ಇಬ್ಬರಿಗೊಂದರಂತೆ ಹಂಚಿಕೊಂಡು ತಿನ್ನುತ್ತಾರೆ. ಬಿಸಿ ಚಾಕೊಲೇಟ್ ಸಾಸ್ ತಣ್ಣನೆಯ ಐಸ್‌ಕ್ರೀಮಿನ ಮೇಲೆ ಬಿದ್ದು ಗಟ್ಟಿಯಾಗುವ ಆ ಗಳಿಗೆಯನ್ನು ನಿಮ್ಮ ಮಕ್ಕಳಿಗೂ ತೋರಿಸಿ ಎಂಬುದು ನನ್ನ ಕೋರಿಕೆ. ಹೈನು ವಿಜ್ಞಾನವನ್ನು ಕಲಿಸುವ ಸಂಸ್ಥೆಯೊಂದನ್ನು 1923ರಲ್ಲಿಯೇ ಪಡೆದಿದ್ದ ಊರು ಇದು. ಅಲ್ಲಿ 1927ರಲ್ಲಿ ಗಾಂಧೀಜಿಯವರೂ ಮದನ ಮೋಹನ ಮಾಳವೀಯರೂ ಪಶುಪಾಲನೆಯ ತರಬೇತಿ ಪಡೆದಿದ್ದರು. ಹಾಲಿನ ವಿಷಯದಲ್ಲಿ ಬೆಂಗಳೂರನ್ನು ಕಡೆಗಣಿಸಬಾರದೆಂಬ ಅಭಿಮಾನದಿಂದ ಇಷ್ಟು ಹೇಳಿದೆ.

ಬನಶಂಕರಿಯ ಗೃಹಿಣಿ

ಹೆಬ್ಬಾಳದವರಿಗೆ ಎಷ್ಟು ಧನ್ಯವಾದ ಹೇಳಿದರೂ ಸಾಲದು. ತಮ್ಮನಿಗೆ ಆಗಲೇ ದೂರವಾಣಿ ಮಾಡಿ ಬೇಡವೆಂದೆ. ಘಾಟಿಯ ಎತ್ತರಕ್ಕೆ ಐಸ್‌ಕ್ರೀಮ್ ಹಿಗ್ಗುತ್ತದೆ ಎಂಬುದನ್ನು ಮಗಳಿಗೆ ಓದಿ ಹೇಳಿದಾಗ ಅವಳು ಭೌತಶಾಸ್ತ್ರದ ಪುಸ್ತಕವನ್ನು ತೆಗೆದು ಒತ್ತಡದ ಅಧ್ಯಾಯವನ್ನು ಹುಡುಕತೊಡಗಿದಳು.

ಮಲ್ಲೇಶ್ವರದ ಹಿರಿಯರಿಗೆ ನಮಸ್ಕಾರಗಳು. ಕಾರ್ನರ್ ಹೌಸ್‌ಗೆ ನಾವೂ ಹೋಗುತ್ತೇವೆ, ಮಕ್ಕಳಿಗೆ ಅದು ಬಹಳ ಇಷ್ಟ. ಆದರೆ ಅದು ಚಾಕೊಲೇಟಿನ ಸುಖ, ಗಡ್‌ಬಡ್ ಹಣ್ಣಿನ ಸುಖ. ನಮ್ಮ ಮನೆಯಲ್ಲಿ ಬೇಸಿಗೆ ಎಂದರೆ ಹಣ್ಣು, ಒಣಹಣ್ಣು, ಜೆಲ್ಲಿಗಳೊಂದಿಗೆ ಎಲ್ಲರೂ ಒಂದೇ ಮೇಜಿನ ಸುತ್ತ ಕುಳಿತು, ಅಮ್ಮ ಈ ವರ್ಷ ಸ್ಟ್ರಾಬೆರಿ ಹೇಗಿದೆ, ಕಳೆದ ವರ್ಷ ಹೇಗಿತ್ತು ಎಂದು ಹೋಲಿಸಿ ತೀರ್ಪು ಕೊಡುವುದು. ಆ ಐಸ್‌ಕ್ರೀಮಿನಲ್ಲಿ ಹಾಲಿನ ರುಚಿ ಮುಂದಾಗಿರುತ್ತದೆ, ಬಾಯಲ್ಲಿ ಜಿಡ್ಡು ಉಳಿಯುವುದಿಲ್ಲ. ಬೆಂಗಳೂರಿನ ಅಂಗಡಿಯ ಫ್ರೀಜರಿನ ಮುಂದೆ ನಿಂತಾಗ ಅಂಥದ್ದನ್ನು ಹೇಗೆ ಗುರುತಿಸಬೇಕು ಎಂಬುದು ಈಗ ನನಗೆ ಉಳಿದಿರುವ ಪ್ರಶ್ನೆ. ಎಲ್ಲ ಡಬ್ಬಗಳೂ ಒಂದೇ ರೀತಿ ಕಾಣುತ್ತವೆ.

ಯಲಹಂಕದ ತಂದೆ

ಈ ಪ್ರಶ್ನೆಗೆ ಉತ್ತರ ಡಬ್ಬದ ಮೇಲೆಯೇ ಇದೆ, ಓದುವ ವ್ಯವಧಾನ ಬೇಕು ಅಷ್ಟೆ. ನಮ್ಮ ದೇಶದ ಆಹಾರ ಸುರಕ್ಷತಾ ನಿಯಮಗಳ ಪ್ರಕಾರ ಬರೀ ಐಸ್‌ಕ್ರೀಮ್ ಎಂದು ಮಾರುವುದರಲ್ಲಿ ಕನಿಷ್ಠ 10 ಶೇಕಡಾ ಹಾಲಿನ ಕೊಬ್ಬು ಮತ್ತು ಕನಿಷ್ಠ 3.5 ಶೇಕಡಾ ಪ್ರೋಟೀನ್ ಇರಬೇಕು. ಮೀಡಿಯಂ ಫ್ಯಾಟ್ ಎಂದಿದ್ದರೆ ಹಾಲಿನ ಕೊಬ್ಬು 2.5ರಿಂದ 10 ಶೇಕಡಾದ ನಡುವೆ ಇರುತ್ತದೆ. ಫ್ರೋಜನ್ ಡೆಸರ್ಟ್ ಎಂದಿದ್ದರೆ ಅದರಲ್ಲಿ ಹಾಲಿನ ಕೊಬ್ಬಿನ ಬದಲಿಗೆ ಸಸ್ಯಜನ್ಯ ಎಣ್ಣೆ ಅಥವಾ ಕೊಬ್ಬನ್ನು ಬಳಸಿರಬಹುದು, ಬಳಸಿದ್ದರೆ ಅದನ್ನು ಡಬ್ಬದ ಮೇಲೆ ಹೇಳಲೇಬೇಕು. ನೀವು ಹೇಳಿದ ಜಿಡ್ಡು ಅಲ್ಲಿಂದ ಬರುತ್ತದೆ. ಸಾಮಾನ್ಯವಾಗಿ ಬಳಸುವ ಕೆಲವು ಸಸ್ಯಜನ್ಯ ಕೊಬ್ಬುಗಳು ಬಾಯಿಯ ಬಿಸಿಗೆ ಪೂರ್ತಿಯಾಗಿ ಕರಗದೆ ಅಂಗುಳಿಗೆ ಅಂಟಿಕೊಳ್ಳುತ್ತವೆ. ಕಾನೂನಿನ ಪ್ರಕಾರ ಅದು ತಪ್ಪಲ್ಲ, ಬೆಲೆಯೂ ಕಡಿಮೆ. ಆದರೆ ಹಾಲಿನ ರುಚಿ ಬೇಕೆನ್ನುವವರು ದೊಡ್ಡ ಅಕ್ಷರದ ಹೆಸರನ್ನು ಬಿಟ್ಟು ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದಿರುವುದನ್ನು ಓದಬೇಕು.

ಇನ್ನೊಂದು ಉಪಾಯವಿದೆ. ಐಸ್‌ಕ್ರೀಮನ್ನು ನಾವು ಲೀಟರಿನ ಲೆಕ್ಕದಲ್ಲಿ ಕೊಳ್ಳುತ್ತೇವೆ, ಲೀಟರಿನಲ್ಲಿ ಗಾಳಿಯೂ ಸೇರಿರುತ್ತದೆ. ನಿಯಮದಂತೆ ಒಂದು ಲೀಟರ್ ಐಸ್‌ಕ್ರೀಮು ಕನಿಷ್ಠ 525 ಗ್ರಾಂ ತೂಗಬೇಕು. ಒಂದೇ ಅಳತೆಯ ಎರಡು ಟಬ್ಬುಗಳನ್ನು ಕೈಯಲ್ಲಿ ಹಿಡಿದು ನೋಡಿದರೆ, ಅಥವಾ ತೂಕವನ್ನೂ ನಮೂದಿಸಿದ್ದರೆ ಅದನ್ನು ಹೋಲಿಸಿದರೆ, ಯಾವುದರಲ್ಲಿ ಗಾಳಿ ಕಡಿಮೆ ಎಂಬುದು ತಿಳಿಯುತ್ತದೆ. ತೂಕದ್ದನ್ನು ಆರಿಸಿಕೊಳ್ಳಿ. 2025ರ ಸೆಪ್ಟೆಂಬರ್ 22ರಿಂದ ಐಸ್‌ಕ್ರೀಮಿನ ಮೇಲಿನ ಜಿಎಸ್‌ಟಿ 18ರಿಂದ 5 ಶೇಕಡಾಕ್ಕೆ ಇಳಿದಿರುವುದರಿಂದ ಒಳ್ಳೆಯದನ್ನು ಕೊಳ್ಳುವುದು ಮೊದಲಿಗಿಂತ ಸುಲಭವಾಗಿದೆ.

ನಮ್ಮ ನಾಡಿನ ಊರೂರಿನಲ್ಲಿ ಒಂದೊಂದು ಐಸ್‌ಕ್ರೀಮ್ ಬೇರೂರಿದ್ದಕ್ಕೆ ಕಾನೂನಿನ ಕಾರಣವೂ ಇದೆ ಎಂಬುದನ್ನು ಇಲ್ಲಿಯೇ ಹೇಳಬೇಕೆನಿಸುತ್ತದೆ. 1997ರವರೆಗೆ ಭಾರತದಲ್ಲಿ ಐಸ್‌ಕ್ರೀಮ್ ತಯಾರಿಕೆಯು ಸಣ್ಣ ಕೈಗಾರಿಕೆಗಳಿಗೆ ಮೀಸಲಾಗಿತ್ತು. ಶೀತ ವಾಹನಗಳೂ ವಿರಳವಾಗಿದ್ದ ಆ ಕಾಲದಲ್ಲಿ ಒಂದು ಊರಿನಲ್ಲಿ ತಯಾರಾದದ್ದು ಆ ಊರಿನಲ್ಲೇ, ಹೆಚ್ಚೆಂದರೆ ಸುತ್ತಲ ತಾಲ್ಲೂಕುಗಳಲ್ಲಿ ಖರ್ಚಾಗುತ್ತಿತ್ತು. ತಯಾರಿಸಿದವರ ಕಣ್ಣೆದುರೇ ತಿನ್ನುವವರು ಕುಳಿತಿರುತ್ತಿದ್ದರು, ರುಚಿ ಕೆಟ್ಟರೆ ಮರುದಿನವೇ ಅಂಗಡಿಗೆ ಬಂದು ಹೇಳುತ್ತಿದ್ದರು. ಐಡಿಯಲ್‌ನಂಥ ಮನೆತನದ ಉದ್ಯಮಗಳು ಹೀಗೆ ಬೆಳೆದವು. ಅದೇ ಮಂಗಳೂರಿನಲ್ಲಿ 2003ರಲ್ಲಿ ಆರಂಭವಾದ ಹ್ಯಾಂಗ್ಯೋ ಇಂದು ಬೆಂಗಳೂರಿನ ಅಂಗಡಿಗಳಲ್ಲಿಯೂ ದೊರೆಯುತ್ತದೆ, ಕರಾವಳಿಯ ನೆನಪಿಗೆ ಅದನ್ನೂ ನೋಡಬಹುದು. ನಮ್ಮ ಬೆಂಗಳೂರಿನದೇ ಆದ ಡೈರಿ ಡೇ ಇದೆ, ಕರ್ನಾಟಕ ಹಾಲು ಮಹಾಮಂಡಳಿಯ ನಂದಿನಿ ಇದೆ. ನಮ್ಮ ಮನೆಯಲ್ಲಿ ವೆನಿಲಾ ಎಂದರೆ ನಂದಿನಿಯೇ. ಬಡಾವಣೆಯ ಮಳಿಗೆಯಲ್ಲಿ ಖರ್ಚು ಹೆಚ್ಚಿರುವುದರಿಂದ ಡಬ್ಬಗಳು ಬಹಳ ದಿನ ಕೂರುವುದಿಲ್ಲ.

ರಾಜಾಜಿನಗರದ ವಿದ್ಯಾರ್ಥಿನಿ

ಹಣ್ಣಿನ ಐಸ್‌ಕ್ರೀಮ್ ಬೇಕೆಂದರೆ ನ್ಯಾಚುರಲ್ಸ್‌ಗೆ ಏಕೆ ಹೋಗಬಾರದು ಎಂದು ಕೇಳಬಯಸುತ್ತೇನೆ. ಅದನ್ನು 1984ರಲ್ಲಿ ಮುಂಬಯಿಯ ಜುಹೂವಿನಲ್ಲಿ ಆರಂಭಿಸಿದ ರಘುನಂದನ ಕಾಮತರು ದಕ್ಷಿಣ ಕನ್ನಡದವರು, ಹಣ್ಣಿನ ವ್ಯಾಪಾರಿಯ ಮಗ. ಅವರು 2024ರಲ್ಲಿ ತೀರಿಕೊಂಡಾಗ ನಮ್ಮ ಮನೆಯಲ್ಲಿ ಎಲ್ಲರಿಗೂ ಬೇಸರವಾಗಿತ್ತು. ಅಲ್ಲಿನ ಎಳನೀರಿನ ಐಸ್‌ಕ್ರೀಮಿನಲ್ಲಿ ಗಂಜಿಯ ಎಳೆಗಳು ಹಲ್ಲಿಗೆ ಸಿಗುತ್ತವೆ. ಬೆಂಗಳೂರಿನಲ್ಲಿ ಅವರ ಮಳಿಗೆಗಳು ಸಾಕಷ್ಟಿವೆ, ಅಜ್ಜಿಯವರನ್ನು ಹೆಚ್ಚು ನಡೆಸಬೇಕಾಗಿಯೂ ಇಲ್ಲ.

ಜೆ.ಪಿ. ನಗರದ ಉಡುಪಿಯವರು

ಗಡ್‌ಬಡ್ ಎಂದ ಮೇಲೆ ಉಡುಪಿಯವನು ಸುಮ್ಮನಿರುವುದು ಹೇಗೆ? ಅದು ಮೊದಲು ಹುಟ್ಟಿದ್ದು ನಮ್ಮ ಉಡುಪಿಯ ಡಯಾನಾ ಹೋಟೆಲಿನಲ್ಲಿ ಎಂದು ನಮ್ಮ ಊರಿನ ಹಿರಿಯರೆಲ್ಲ ಹೇಳುತ್ತಾರೆ. ಮಂಗಳೂರಿನವರು ಇದನ್ನು ಒಪ್ಪುವುದಿಲ್ಲವೆಂದು ಗೊತ್ತಿದೆ. ಆ ವಾದವನ್ನು ಬದಿಗಿಟ್ಟು, ಅಕ್ಕನವರು ಕೇಳಿದ ಮನೆಯ ಗಡ್‌ಬಡ್ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಊರಿಗೆ ಹೋಗಲಾಗದ ಬೇಸಿಗೆಗಳಲ್ಲಿ ನಾವು ಮಾಡಿಕೊಳ್ಳುವುದು ಅದನ್ನೇ.

ಜೆಲ್ಲಿಯನ್ನು ಹಿಂದಿನ ರಾತ್ರಿಯೇ ಮಾಡಿಡಬೇಕು. ಸಸ್ಯಾಹಾರಿಗಳಾದರೆ ಚೈನಾ ಗ್ರಾಸ್ ತನ್ನಿ, ಅದು ಕಡಲ ಪಾಚಿಯಿಂದ ತೆಗೆದದ್ದು. ಎಳೆಗಳನ್ನು ನೆನೆಸಿ, ನೀರಿನಲ್ಲಿ ಪೂರ್ತಿ ಕರಗುವವರೆಗೆ ಕುದಿಸಿ, ಸಕ್ಕರೆ ಮತ್ತು ಹಣ್ಣಿನ ರಸ ಸೇರಿಸಿ ತಟ್ಟೆಗೆ ಸುರಿದರೆ ಫ್ರಿಜ್ಜಿನ ಹಂಗಿಲ್ಲದೆಯೂ ಗಟ್ಟಿಯಾಗುತ್ತದೆ. ಜೆಲಾಟಿನ್ ಬಳಸುವವರು ಹಸಿ ಅನಾನಸ್ಸನ್ನು ಅದರ ಜೊತೆ ಸೇರಿಸಬಾರದು, ಜೆಲ್ಲಿ ನೀರಾಗಿಬಿಡುತ್ತದೆ. ಚೈನಾ ಗ್ರಾಸಿಗೆ ಆ ತೊಂದರೆಯಿಲ್ಲ. ಐಸ್‌ಕ್ರೀಮು ಮೂರು ಬಗೆಯದಿರಲಿ. ನಾವು ವೆನಿಲಾ, ಸ್ಟ್ರಾಬೆರಿ ಮತ್ತು ಮಾವನ್ನು ಬಳಸುತ್ತೇವೆ, ಕೆಲವರು ಮಾವಿನ ಬದಲು ಬಟರ್‌ಸ್ಕಾಚ್ ಹಾಕುತ್ತಾರೆ. ಲೋಟದ ತಳಕ್ಕೆ ಜೆಲ್ಲಿ, ಅದರ ಮೇಲೆ ಹೆಚ್ಚಿದ ಹಣ್ಣು, ಒಂದು ಸ್ಕೂಪ್ ಐಸ್‌ಕ್ರೀಮ್, ಮತ್ತೆ ಹಣ್ಣು ಮತ್ತು ಟೂಟಿ ಫ್ರೂಟಿ, ಇನ್ನೊಂದು ಸ್ಕೂಪ್, ಹೀಗೆ ಏರಿಸುತ್ತ ಹೋಗಿ ಕೊನೆಯಲ್ಲಿ ಗೋಡಂಬಿ, ಒಣದ್ರಾಕ್ಷಿ ಮತ್ತು ಒಂದು ಚೆರ್ರಿ. ಪಪ್ಪಾಯಿ, ಸೇಬು, ದ್ರಾಕ್ಷಿ, ಸಪೋಟ ಚೆನ್ನಾಗಿ ಹೊಂದುತ್ತವೆ. ಮೇ ತಿಂಗಳಲ್ಲಿ ಮಾಡುವುದಾದರೆ ಬಾದಾಮಿ ಮಾವಿನ ಹೋಳು ಹಾಕಿ. ರಸಪುರಿಯಲ್ಲಿ ರಸವೇ ಹೆಚ್ಚಾಗಿರುವುದರಿಂದ ಹೋಳು ನಿಲ್ಲುವುದಿಲ್ಲ, ಅದನ್ನು ಮೇಲಿನಿಂದ ಸುರಿಯಲು ಇಟ್ಟುಕೊಳ್ಳಿ. ಗಾಜಿನ ಲೋಟ ಉದ್ದನೆಯದೇ ಆಗಿರಬೇಕು ಎಂಬ ವಿಷಯದಲ್ಲಿ ನಾನು ಹಟಮಾರಿ, ಬಟ್ಟಲಿನಲ್ಲಿ ಹಾಕಿದರೆ ಅದು ಬರೀ ಹಣ್ಣಿನ ಸಲಾಡ್.

ಹೆಬ್ಬಾಳದ ಹೈನು ತಂತ್ರಜ್ಞೆ

ಉಡುಪಿಯವರ ವಿಧಾನ ಬಹಳ ಚೆನ್ನಾಗಿದೆ. ಒಂದೆರಡು ಮಾತು ಸೇರಿಸುತ್ತೇನೆ. ಹಣ್ಣನ್ನು ಮುಂಚಿತವಾಗಿ ಹೆಚ್ಚಿ ಫ್ರೀಜರಿನಲ್ಲಿಡಬೇಡಿ, ಸಕ್ಕರೆಯಲ್ಲಿ ನೆನೆಯದ ಹಣ್ಣು ಕಲ್ಲಿನಷ್ಟು ಗಟ್ಟಿಯಾಗುತ್ತದೆ. ಫ್ರಿಜ್ಜಿನ ಕೆಳಭಾಗದಲ್ಲಿಟ್ಟು ತಣಿಸಿದರೆ ಸಾಕು. ಲೋಟಗಳನ್ನು ಮಾತ್ರ ಮೊದಲೇ ಚೆನ್ನಾಗಿ ತಣಿಸಿ, ಬೆಚ್ಚಗಿನ ಗಾಜಿಗೆ ತಾಗಿದ ಪದರವೇ ಮೊದಲು ಕರಗುವುದು. ಟಬ್ಬನ್ನು ಮೇಜಿನ ಮೇಲಿಟ್ಟು ಮೆತ್ತಗೆ ಮಾಡುವ ಬದಲು ಸ್ವಲ್ಪ ಹೊತ್ತು ಫ್ರಿಜ್ಜಿನ ಕೆಳಭಾಗಕ್ಕೆ ಇಳಿಸಿಡಿ, ಆಗ ಅಂಚು ನೀರಾಗದೆ ಇಡೀ ಟಬ್ಬು ಒಂದೇ ಸಮನೆ ಮೆತ್ತಗಾಗುತ್ತದೆ.

ಕೊಳ್ಳುವುದರ ಬಗೆಗೂ ಒಂದು ಮಾತು. ಬೆಂಗಳೂರು ತಂಪಿನ ಊರೆಂಬ ನಂಬಿಕೆಯಿಂದ ಮಧ್ಯಾಹ್ನ ಐಸ್‌ಕ್ರೀಮ್ ಕೊಂಡು ಬಿಸಿಲಲ್ಲಿ ಬರುವವರಿದ್ದಾರೆ. 2016ರ ಏಪ್ರಿಲ್‌ನಲ್ಲಿ ಇಲ್ಲಿ 39.2 ಡಿಗ್ರಿ ದಾಖಲಾಗಿತ್ತು ಎಂಬುದನ್ನು ಮರೆಯಬಾರದು. ಸಂಜೆ ಹೋಗಿ, ಉಳಿದ ಸಾಮಾನನ್ನೆಲ್ಲ ಕೊಂಡ ಮೇಲೆ ಕೊನೆಯಲ್ಲಿ ಐಸ್‌ಕ್ರೀಮನ್ನು ತೆಗೆದುಕೊಂಡು ನೇರವಾಗಿ ಮನೆಗೆ ಬನ್ನಿ. ಅಂಗಡಿಯಲ್ಲಿ ಮುಚ್ಚಳದ ಒಳಗೆ ಮಂಜಿನ ಹರಳು ದಪ್ಪವಾಗಿ ಕಟ್ಟಿದ್ದರೆ, ಅಥವಾ ಪೊಟ್ಟಣದ ಆಕಾರ ಕೆಟ್ಟಿದ್ದರೆ, ಅದು ಹಿಂದೆ ಕರಗಿ ಗಟ್ಟಿಯಾದದ್ದೆಂದು ತಿಳಿದು ಬೇರೆಯದನ್ನು ಕೇಳಿ. ವಿದ್ಯುತ್ ಹೋದಾಗ ಫ್ರೀಜರ್ ನಿಲ್ಲಿಸದ ಅಂಗಡಿ ಯಾವುದು ಎಂಬುದನ್ನು ನಿಮ್ಮ ಬಡಾವಣೆಯಲ್ಲಿ ವಿಚಾರಿಸಿಕೊಳ್ಳಿ. ಒಮ್ಮೆ ತೆರೆದ ಟಬ್ಬಿನ ಮೇಲ್ಮೈಗೆ ತೆಳುವಾದ ಪ್ಲಾಸ್ಟಿಕ್ ಹಾಳೆಯನ್ನು ಒತ್ತಿ ಮುಚ್ಚಿ, ಫ್ರೀಜರಿನ ಬಾಗಿಲ ಬಳಿ ಇಡದೆ ಒಳಗೆ ಹಿಂದಕ್ಕೆ ಇಡಿ.

ಮಲ್ಲೇಶ್ವರದ ಹಿರಿಯ ನಾಗರಿಕ

ಫ್ರೀಜರಿನ ಮಾತು ಬಂದದ್ದರಿಂದ ನೆನಪಾಯಿತು. ನಮ್ಮ ಮನೆಯಲ್ಲಿ ಮರದ ಬಕೆಟ್ಟಿನ ನಡುವೆ ತಗಡಿನ ಡಬ್ಬವಿಟ್ಟು, ಸುತ್ತ ಒಡೆದ ಐಸು ಮತ್ತು ಕಲ್ಲುಪ್ಪು ತುಂಬಿ, ಹಿಡಿಕೆಯನ್ನು ಸರದಿಯಂತೆ ತಿರುಗಿಸಿ ಮಾವಿನ ಐಸ್‌ಕ್ರೀಮ್ ಮಾಡುತ್ತಿದ್ದೆವು. ಉಪ್ಪು ಬೆರೆತ ಐಸು ಬರೀ ಐಸಿಗಿಂತ ಎಷ್ಟೋ ಪಾಲು ಹೆಚ್ಚು ತಣ್ಣಗಾಗುತ್ತದೆ ಎಂಬುದನ್ನು ನಾವು ಮಕ್ಕಳು ಕಲಿತದ್ದು ಹಾಗೆ. ಆ ಬಕೆಟ್ಟು ಇಂದಿಗೂ ನಮ್ಮ ಅಟ್ಟದ ಮೇಲಿದೆ. ಬನಶಂಕರಿಯ ತಾಯಿಯವರ ಮಗಳಿಗೆ ಭೌತಶಾಸ್ತ್ರದಲ್ಲಿ ಆಸಕ್ತಿಯಿದೆ ಎಂದು ತಿಳಿಯಿತು. ಅವಳು ಬಯಸಿದರೆ ಕೊಂಡೊಯ್ಯಲಿ, ನನ್ನ ಮೊಮ್ಮಗನೂ ತಿರುಗಿಸಲು ಬರುತ್ತಾನೆ.

ಬನಶಂಕರಿಯ ಗೃಹಿಣಿ

ಎಲ್ಲರ ಉತ್ತರಗಳನ್ನೂ ಮನೆಯವರೆದುರು ಗಟ್ಟಿಯಾಗಿ ಓದಿದೆ. ಹೀಗೆ ತೀರ್ಮಾನವಾಗಿದೆ: ಮೇ ಮೊದಲ ಭಾನುವಾರ ಮನೆಯಲ್ಲೇ ಗಡ್‌ಬಡ್. ವೆನಿಲಾ ಮತ್ತು ಸ್ಟ್ರಾಬೆರಿಯನ್ನು ಯಲಹಂಕದವರು ಹೇಳಿದಂತೆ ಡಬ್ಬ ಓದಿ, ತೂಕ ನೋಡಿ ಹತ್ತಿರದ ಮಳಿಗೆಯಲ್ಲಿ ಕೊಳ್ಳುತ್ತೇವೆ. ಯಜಮಾನರು ಈಗಾಗಲೇ ಎರಡು ಅಂಗಡಿಗಳಲ್ಲಿ ವಿಚಾರಿಸಿ ಬಂದಿದ್ದಾರೆ, ಒಂದರಲ್ಲಿ ಜನರೇಟರ್ ಇದೆಯಂತೆ. ಮಾವಿನ ಐಸ್‌ಕ್ರೀಮು ಮಲ್ಲೇಶ್ವರದ ಬಕೆಟ್ಟಿನಲ್ಲಿ ಆಗಲಿ ಎಂದು ಮಗಳು ಹಟ ಹಿಡಿದಿದ್ದಾಳೆ. ಹಿರಿಯರೇ, ತಮ್ಮ ಮೊಮ್ಮಗನ ಜೊತೆಗೆ ತಾವೂ ದಯಮಾಡಿಸಬೇಕು, ಭೇಟಿಯ ಸಮಯವನ್ನು ಖಾಸಗಿ ಸಂದೇಶದಲ್ಲಿ ತಿಳಿಸುತ್ತೇನೆ. ರಾಜಾಜಿನಗರದ ಮಗುವಿನ ಸಲಹೆಯಂತೆ ಎಳನೀರಿನ ಐಸ್‌ಕ್ರೀಮು ಅತ್ತೆಯವರ ಮುಂದಿನ ವೈದ್ಯಕೀಯ ತಪಾಸಣೆಯ ದಿನಕ್ಕೆ ನಿಗದಿಯಾಗಿದೆ.

ತಮ್ಮನು ಐಸ್‌ಕ್ರೀಮಿನ ಬದಲು ಊರಿನ ಗೋಡಂಬಿ ಕಳುಹಿಸುತ್ತಿದ್ದಾನೆ, ಅದಕ್ಕೆ ಘಾಟಿಯ ಭಯವಿಲ್ಲ. ಐಡಿಯಲ್‌ಗೆ ಹೋಗುವುದನ್ನು ಮಾತ್ರ ನಾವು ಕೈಬಿಟ್ಟಿಲ್ಲ. ಮೊಣಕಾಲು ಸರಿಹೋದರೆ ದಸರಾ ರಜೆಯಲ್ಲಿ ಕುದ್ರೋಳಿಯ ಉತ್ಸವ ನೋಡಲು ಮಂಗಳೂರಿಗೆ ಹೋಗೋಣವೆಂದು ಅತ್ತೆಯವರೇ ಹೇಳಿದ್ದಾರೆ, ಯಜಮಾನರು ರೈಲಿನಲ್ಲಿ ಕೆಳಗಿನ ಬರ್ತ್‌ಗಳನ್ನು ನೋಡುತ್ತಿದ್ದಾರೆ. ಉಡುಪಿಯವರಲ್ಲಿ ಒಂದು ಪ್ರಶ್ನೆ ಬಾಕಿಯಿದೆ: ಆರು ಲೋಟಗಳಿಗೆ ಎಷ್ಟು ಚೈನಾ ಗ್ರಾಸ್ ಬೇಕಾಗುತ್ತದೆ?

ಜೆ.ಪಿ. ನಗರದ ಉಡುಪಿಯವರು

ಅಕ್ಕನವರೇ, 5 ಗ್ರಾಂ ಎಳೆಗಳಿಗೆ ಅರ್ಧ ಲೀಟರ್ ನೀರು ಹಾಕಿ. ಆರು ಲೋಟಗಳಿಗೆ ಸಾಕಾಗಿ ಮಕ್ಕಳಿಗೆ ಹಾಗೆಯೇ ತಿನ್ನಲೂ ಸ್ವಲ್ಪ ಮಿಗುತ್ತದೆ. ಹಣ್ಣಿನ ರಸ ಹುಳಿಯಾಗಿದ್ದರೆ ಒಲೆಯಿಂದ ಇಳಿಸಿದ ಮೇಲೆ ಸೇರಿಸಿ, ಹುಳಿಯೊಡನೆ ಕುದಿಸಿದರೆ ಸರಿಯಾಗಿ ಗಟ್ಟಿಯಾಗುವುದಿಲ್ಲ.